ಊರ ಸುದ್ದಿಯೂ ಊರ ವಿವೇಕವೂ

ವಿದ್ಯಾವಂತರಾದ ನಾವು ಬೆಳಗ್ಗೆ ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡೊಡನೆ ಮೊದಲು ನೋಡುವುದು ದೇಶದೇಶಾಂತರಗಳ ಸಮಾಚಾರವನ್ನು. ಸಾವಿರಾರು ಮೈಲಿ ಆಚೆಗಿರುವ ರಾಜ್ಯವೊಂದರಲ್ಲಿ ಮಂತ್ರಿಮಂಡಲ ಉರುಳಿತೆಂದರೆ ಅದರ ಕಾರಣಗಳನ್ನು ಕುರಿತು ಅರ್ಧ ಗಂಟೆ ವಾದಮಾಡಬಲ್ಲೆವು. ನಮ್ಮ ಊರಿನ ಪೇಟೆಯಲ್ಲಿ ಒಂದು ಹಳೆಯ ಕಟ್ಟಡದ ತಾರಸಿ ಸೋರುತ್ತಿದೆಯೆಂಬ ವರ್ತಮಾನವಾದರೋ ಒಳಪುಟದ ನಾಲ್ಕು ಸಾಲು. ಕಣ್ಣು ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಈ ಸ್ವಭಾವವನ್ನು ಹಳಿಯಬೇಕಾಗಿಲ್ಲ. ದೊಡ್ಡದು ಕಣ್ಣನ್ನು ಸೆಳೆಯುವುದು ಸಹಜ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ದೂರದ ಮಂತ್ರಿಮಂಡಲವು ನಮ್ಮ ಅಭಿಪ್ರಾಯವನ್ನು ಕೇಳಿ ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಸೋರುವ ತಾರಸಿಯ ವಿಷಯ ಹಾಗಲ್ಲ. ಆ ನಾಲ್ಕು ಸಾಲುಗಳನ್ನು ಹತ್ತು ಮಂದಿ ಓದಿ, ಇಬ್ಬರು ಹೋಗಿ ನೋಡಿ, ಒಬ್ಬರು ಅರ್ಜಿ ಬರೆದುಕೊಂಡರೆ ತಾರಸಿ ದುರಸ್ತಿಯಾಗುವ ಸಂಭವವುಂಟು. ಎಂದರೆ, ನಮ್ಮ ಮಾತಿಗೆ ಬಲವಿರುವುದು ಯಾವ ಸುದ್ದಿಯಲ್ಲಿಯೋ ಅದನ್ನೇ ನಾವು ಓದದೆ ಬಿಡುತ್ತೇವೆ.

ಊರ ಸುದ್ದಿಗೂ ಊರಿನ ವಿವೇಕಕ್ಕೂ ಇರುವ ಈ ಸಂಬಂಧವನ್ನು ಒಂದು ನಿಜವಾದ ಉದಾಹರಣೆಯಿಂದ ತಿಳಿಯಲು ಯತ್ನಿಸೋಣ. ಉದಾಹರಣೆ ಮೈಸೂರು ನಗರದ್ದು. ಅಲ್ಲಿಯ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡ ಎಂಬ ಎರಡು ಹಳೆಯ ಕಟ್ಟಡಗಳನ್ನು ಕುರಿತು ಹತ್ತು ವರ್ಷಗಳಿಗೂ ಮೀರಿ ನಡೆದ ಚರ್ಚೆಯದು.

ಅದಕ್ಕೆ ಮೊದಲು ಹಿಂದಿನ ಒಂದೆರಡು ಸಂಗತಿಗಳನ್ನು ನೆನೆಯುವುದು ಉಚಿತ. ಕನ್ನಡದ ಮೊದಲನೆಯ ವೃತ್ತಪತ್ರಿಕೆ ೧೮೪೩ನೆಯ ಇಸವಿ ಜುಲೈ ತಿಂಗಳಿನಲ್ಲಿ ಮಂಗಳೂರಿನಲ್ಲಿ ಹೊರಟಿತು. ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನಿಯ ಪಾದ್ರಿ ಅದನ್ನು ಹೊರಡಿಸಿದವರು. ಅದಕ್ಕೆ ಅವರು ಇಟ್ಟ ಹೆಸರು ‘ಮಂಗಳೂರ ಸಮಾಚಾರ’. ಲೋಕದ ಸಮಾಚಾರವೆಂದಾಗಲಿ ದೇಶದ ಸಮಾಚಾರವೆಂದಾಗಲಿ ಅಲ್ಲ, ಒಂದು ಊರಿನ ಸಮಾಚಾರ. ನಮ್ಮ ಭಾಷೆಯ ಪತ್ರಿಕಾವೃತ್ತಿಯ ಮುಖಪುಟದಲ್ಲಿಯೇ ಊರಿನ ಹೆಸರಿದೆಯೆಂಬುದು ಸ್ವಾರಸ್ಯವಾದ ವಿಷಯ.

ಪತ್ರಿಕೆಯ ಮಾತು ಹಾಗಿರಲಿ. ಜನರು ತಮ್ಮ ಕುಂದುಕೊರತೆಗಳನ್ನು ಅಧಿಕಾರಿಗಳ ಎದುರಿನಲ್ಲಿ ಬಾಯಿಬಿಟ್ಟು ಹೇಳುವುದಕ್ಕೆ ಮೈಸೂರು ಸಂಸ್ಥಾನದಲ್ಲಿ ಒಂದು ವೇದಿಕೆ ೧೮೮೧ರಲ್ಲಿ ಏರ್ಪಟ್ಟಿತು. ಆ ವರ್ಷದ ಅಕ್ಟೋಬರ್ ೭ರಂದು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ೧೪೪ ಮಂದಿ ಸದಸ್ಯರೊಡನೆ ಕೂಡಿತು. ದಿವಾನ್ ರಂಗಾಚಾರ್ಲು ಅವರು ಅದರ ಕರ್ತರು. ಸಭೆಗೆ ಶಾಸನಮಾಡುವ ಅಧಿಕಾರ ಆಗ ಇರಲಿಲ್ಲ. ಕೇಳುವ, ಹೇಳುವ ಅವಕಾಶ ಮಾತ್ರ ಇದ್ದಿತು. ರಂಗಾಚಾರ್ಲು ೧೮೮೩ರಲ್ಲಿ ಕಾಲವಾದರು. ಅವರ ಸ್ಮಾರಕವಾಗಿ ಮೈಸೂರಿನಲ್ಲಿ ಕಟ್ಟಿದ್ದು ಪ್ರತಿಮೆಯಲ್ಲ, ಪುರಭವನ. ಜನರು ಒಂದೆಡೆ ಸೇರಿ ಮಾತನಾಡುವುದಕ್ಕೆ ಒಂದು ಮನೆ. ಆ ಸ್ಮಾರಕವನ್ನು ಗೊತ್ತುಮಾಡಿದವರ ಔಚಿತ್ಯಜ್ಞಾನವನ್ನು ಮೆಚ್ಚಬೇಕು.

೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಮೈಸೂರಿನ ಮಾತು ಪುರಭವನದ ಗೋಡೆಗಳನ್ನೂ ದಾಟಿ ಮನೆಮನೆಗೆ ಮುಟ್ಟಿತು. ಹೀಗೆ ಪತ್ರಿಕೆ, ಸಭೆ, ಬಾನುಲಿ ಎಂಬ ಮೂರು ಸಾಧನಗಳೂ ಆ ನಗರಕ್ಕೆ ಬಹು ಮುಂಚೆಯೇ ದೊರೆತಿದ್ದವು. ಮಾತನಾಡುವ ಸಾಧನಗಳು ಇಷ್ಟು ಇದ್ದ ಊರಿನಲ್ಲಿಯೂ ಮಾತು ತಡವಾಗಿ ಹೊರಟರೆ ಏನಾಗುತ್ತದೆಂಬುದನ್ನು ಈ ಎರಡು ಕಟ್ಟಡಗಳ ಕಥೆ ತಿಳಿಸುತ್ತದೆ.

ಮೈಸೂರನ್ನು ಕಾಣದವರ ಸಲುವಾಗಿ ಸ್ಥಳವನ್ನು ಸ್ವಲ್ಪ ವಿವರಿಸಬೇಕು. ಅರಮನೆಯಿಂದ ಉತ್ತರಕ್ಕೆ ಹೊರಡುವ ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿ ದೇವರಾಜ ಮಾರುಕಟ್ಟೆ ಉದ್ದಕ್ಕೆ ಚಾಚಿಕೊಂಡಿದೆ. ಅದರ ಒಂದು ತುದಿಯಲ್ಲಿ ‘ಚಿಕ್ಕ ಗಡಿಯಾರ’ವೆಂದು ಹೆಸರಾದ ಗೋಪುರ, ಇನ್ನೊಂದು ತುದಿಯಲ್ಲಿ ಧನ್ವಂತರಿ ರಸ್ತೆ. ಒಳಗೆ ನೂರಾರು ಮಳಿಗೆಗಳು. ಮೈಸೂರು ಮಲ್ಲಿಗೆ, ಮೈಸೂರು ವೀಳೆಯದೆಲೆ, ನಂಜನಗೂಡಿನ ರಸಬಾಳೆ, ಗೋಪುರದಂತೆ ಒಟ್ಟಿದ ಅರಿಸಿನ ಕುಂಕುಮ, ಊದಿನಕಡ್ಡಿ, ತರಕಾರಿ ಎಲ್ಲವೂ ಅಲ್ಲಿಯೇ. ಸಂಕ್ರಾಂತಿಗೆ ಕಬ್ಬು, ಆಯುಧಪೂಜೆಗೆ ಬೂದುಗುಂಬಳ ಮತ್ತು ಸೇವಂತಿಗೆ ಕೊಳ್ಳುವುದಕ್ಕೆ ಅರ್ಧ ಊರು ಅಲ್ಲಿಗೆ ಇಳಿಯುತ್ತದೆ. ವಿಜಯದಶಮಿಯ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗುವುದು ಈ ಮಾರುಕಟ್ಟೆಯ ಮುಂದಿನಿಂದಲೇ. ಸಮೀಪದಲ್ಲಿ, ಜಗನ್ಮೋಹನ ಅರಮನೆಗೆ ಹೋಗುವ ಕಡೆ, ಲ್ಯಾನ್ಸ್‌ಡೌನ್ ಕಟ್ಟಡವಿದೆ. ರಾಜಪ್ರತಿನಿಧಿಯಾಗಿದ್ದ ಲಾರ್ಡ್ ಲ್ಯಾನ್ಸ್‌ಡೌನ್ ೧೮೯೨ರಲ್ಲಿ ಮೈಸೂರಿಗೆ ಬಂದುದರ ನೆನಪಿಗೆ ಅದಕ್ಕೆ ಆ ಹೆಸರು ಬಂದಿತು. ಅಲ್ಲಿದ್ದ ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದ ವಿದ್ಯಾರ್ಥಿಗಳು ತಲೆತಲಾಂತರಕ್ಕೆ ಸೇರಿದವರು.

೨೦೧೨ನೆಯ ಇಸವಿ ಆಗಸ್ಟ್ ೨೫ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣಬಿಟ್ಟರು. ನಾಲ್ಕು ವರ್ಷಗಳ ತರುವಾಯ, ೨೦೧೬ರ ಆಗಸ್ಟ್‌ನಲ್ಲಿ, ದುರಸ್ತಿಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ ದೇವರಾಜ ಮಾರುಕಟ್ಟೆಯ ಉತ್ತರದ ಪ್ರವೇಶದ್ವಾರದ ಭಾಗ ಕೆಳಕ್ಕೆ ಬಿದ್ದಿತು. ದೈವವಶಾತ್ ಆಗ ಜೀವಹಾನಿಯಾಗಲಿಲ್ಲ. ಅಲ್ಲಿಂದ ಮುಂದೆ ಊರೆಲ್ಲ ಒಂದೇ ಪ್ರಶ್ನೆ: ಈ ಕಟ್ಟಡಗಳನ್ನು ಕೆಡವಬೇಕೋ, ಉಳಿಸಬೇಕೋ? ಪತ್ರಿಕೆಗಳಲ್ಲಿ ಲೇಖನಗಳು, ವಾಚಕರ ಪತ್ರಗಳು, ಸಭೆಗಳು, ಮನವಿಗಳು, ತಜ್ಞರ ವರದಿಗಳು, ಕಡೆಗೆ ನ್ಯಾಯಾಲಯ. ೨೦೨೩ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕೆಡವುವುದನ್ನು ವಿರೋಧಿಸಿದ್ದ ಅರ್ಜಿಗಳನ್ನು ತಳ್ಳಿಹಾಕಿತು. ಆ ಮೇಲೆಯೂ ಊರಿನ ಮಾತು ನಿಲ್ಲಲಿಲ್ಲ.

ಎರಡು ಪಕ್ಷಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಕೆಡವಿ ಕಟ್ಟಬೇಕೆನ್ನುವವರು ಹೇಳುವುದು ಹೀಗೆ: “ಮನುಷ್ಯರ ಪ್ರಾಣಕ್ಕಿಂತ ಗೋಡೆ ದೊಡ್ಡದಲ್ಲ. ನಾಲ್ವರು ಸತ್ತಿದ್ದಾರೆ, ಐದನೆಯವರಿಗಾಗಿ ಕಾಯಬೇಕೆ? ಹಳೆಯ ರೂಪದಲ್ಲಿಯೇ ಹೊಸದಾಗಿ ಕಟ್ಟಿದರೆ ಅಂದವೂ ಉಳಿಯುತ್ತದೆ, ಭದ್ರತೆಯೂ ದೊರೆಯುತ್ತದೆ. ೧೮೯೭ರಲ್ಲಿ ಮರದ ಅರಮನೆ ಬೆಂಕಿಗೆ ತುತ್ತಾದಾಗ ಹೊಸ ಅರಮನೆಯನ್ನು ಕಟ್ಟಲಿಲ್ಲವೆ? ೧೯೧೨ರಲ್ಲಿ ಮುಗಿದ ಆ ಕಟ್ಟಡವೇ ಇಂದು ಮೈಸೂರಿನ ಕೀರ್ತಿಯಲ್ಲವೆ?” ಈ ಮಾತಿನಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು.

ಉಳಿಸಬೇಕೆನ್ನುವವರ ಉತ್ತರವೂ ಹಗುರವಾದುದಲ್ಲ: “ಅರಮನೆಯನ್ನು ಯಾರೂ ಕೆಡವಲಿಲ್ಲ, ಅದು ಉರಿದುಹೋಯಿತು. ನಿಂತಿರುವುದನ್ನು ಬೀಳಿಸುವುದು ಬೇರೆ. ಒಂದು ಭಾಗ ಬಿದ್ದಿತೆಂದು ಇಡೀ ಕಟ್ಟಡ ನಿರುಪಯೋಗಿಯೆನ್ನುವುದು, ಒಂದು ಹಲ್ಲು ನೋಯುತ್ತಿದೆಯೆಂದು ಎಲ್ಲ ಹಲ್ಲುಗಳನ್ನೂ ಕೀಳಿಸಿದಂತೆ. ಕಾಂಕ್ರೀಟಿನಲ್ಲಿ ಹಳೆಯ ಕಮಾನಿನ ಆಕಾರವನ್ನು ತರಬಹುದು. ಹಳೆಯ ಕೈಕೆಲಸವನ್ನು ತರಲಾಗದು. ಒಮ್ಮೆ ಈ ದಾರಿ ತೆರೆದರೆ ನಗರದ ಉಳಿದ ಹಳೆಯ ಕಟ್ಟಡಗಳಿಗೂ ಇದೇ ಗತಿ.”

ಇವೆರಡರ ನಡುವೆ ಮೂರನೆಯ ಒಂದು ದನಿಯುಂಟು; ಅದು ವಿದ್ಯಾವಂತರ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅದು ಮಳಿಗೆಯವರದು, ಹೂ ಕಟ್ಟುವವರದು, ಮೂಟೆ ಹೊರುವವರದು. ಅವರಿಗೆ ಕಮಾನಿನ ಶೈಲಿ ಮುಖ್ಯವಲ್ಲ; ಬಿಟ್ಟುಹೋಗೆಂದ ದಿನ ಎಲ್ಲಿಗೆ ಹೋಗುವುದು, ಕಟ್ಟಿದ ಮೇಲೆ ತಮ್ಮ ಸ್ಥಳ ತಮಗೆ ಸಿಕ್ಕುವುದೇ, ಬಾಡಿಗೆ ಎಷ್ಟಾದೀತು, ಆ ಹೊತ್ತಿಗೆ ವಾಡಿಕೆಯ ಗಿರಾಕಿಗಳು ಉಳಿದಿರುವರೇ ಎಂಬ ಪ್ರಶ್ನೆಗಳು ಮುಖ್ಯ. ಬೀಳುವ ತಾರಸಿಯ ಕೆಳಗೆ ದಿನವೆಲ್ಲ ಕುಳಿತಿರುವವರೂ ಅವರೇ, ತಾರಸಿಯನ್ನು ತೆಗೆದರೆ ಬೀದಿಗೆ ಬೀಳುವವರೂ ಅವರೇ. ಅವರನ್ನು ಬಿಟ್ಟು ಮಾಡಿದ ತೀರ್ಮಾನ ಯಾವುದಾದರೂ ಅರ್ಧ ತೀರ್ಮಾನ.

ಯಾವ ಪಕ್ಷ ಸರಿಯೆಂದು ತೀರ್ಪು ಹೇಳುವುದು ಈ ಭಾಷಣದ ಉದ್ದೇಶವಲ್ಲ. ಎರಡು ಪಕ್ಷದವರೂ ಗಮನಿಸಬೇಕಾದ ಒಂದು ಸಂಗತಿಯನ್ನು ಹೇಳುವುದಷ್ಟೇ ಉದ್ದೇಶ. ಈ ಚರ್ಚೆಯೆಲ್ಲ ಆರಂಭವಾದುದು ಗೋಡೆ ಬಿದ್ದ ಮೇಲೆ. ಗೋಡೆ ಬಿದ್ದ ಮೇಲೆ ಉಳಿಯುವ ದಾರಿಗಳು ಎರಡೇ, ಎರಡೂ ದುಬಾರಿ, ಎರಡೂ ಕಹಿ. ಬೀಳುವುದಕ್ಕೆ ಹತ್ತು ವರ್ಷ ಮುಂಚೆ ದಾರಿಗಳು ಹಲವು ಇರುತ್ತವೆ, ಎಲ್ಲವೂ ಅಗ್ಗ.

ಇದನ್ನು ಸ್ಪಷ್ಟಪಡಿಸಲು ಹಳೆಯ ಕಟ್ಟಡ ಕೆಡುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ನಮ್ಮ ನಾಡಿನಲ್ಲಿ ಆ ಕಾಲದ ಕಟ್ಟಡಗಳ ಗೋಡೆ ಸಾಮಾನ್ಯವಾಗಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮೇಲ್ಛಾವಣಿ ಬಹುಮಟ್ಟಿಗೆ ‘ಮದರಾಸು ತಾರಸಿ’, ಎಂದರೆ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆ ಬಳಿದದ್ದು. ಸುಣ್ಣದ ಗೋಡೆ ಮಳೆಯಲ್ಲಿ ತೇವವನ್ನು ಹೀರಿಕೊಂಡು ಬಿಸಿಲಿನಲ್ಲಿ ಬಿಟ್ಟುಬಿಡುತ್ತದೆ. ಹೀಗೆ ಅದು ನೂರಾರು ವರ್ಷ ಬಾಳಬಲ್ಲದು. ಆದರೆ ತಾರಸಿಯ ನೀರು ಹರಿಯುವ ಕೊಳವೆ ಎಲೆ ಕಸದಿಂದ ಕಟ್ಟಿಕೊಂಡಿತೆನ್ನಿ. ನೀರು ಮೇಲೆ ನಿಲ್ಲುತ್ತದೆ. ನಿಂತ ನೀರು ಗಾರೆಯ ಬಿರುಕಿನಲ್ಲಿ ಇಳಿದು ತೊಲೆಯ ತುದಿಯನ್ನು ಮುಟ್ಟುತ್ತದೆ. ತೊಲೆ ಗೋಡೆಯೊಳಕ್ಕೆ ಹೊಕ್ಕಿರುವ ಆ ತುದಿ ಹೊರಗೆ ಕಾಣುವುದಿಲ್ಲ, ಅಲ್ಲಿಗೆ ಗಾಳಿಯೂ ಆಡದು. ಮರ ಕೊಳೆಯುವುದು ಅಲ್ಲಿಯೇ. ಈ ನಡುವೆ ಹಕ್ಕಿ ತಂದುಹಾಕಿದ ಬೀಜದಿಂದ ಸಂದಿನಲ್ಲಿ ಅರಳಿಯ ಸಸಿ ಏಳುತ್ತದೆ. ಮೊದಲ ವರ್ಷ ಅದನ್ನು ಎರಡು ಬೆರಳಿನಿಂದ ಕಿತ್ತುಹಾಕಬಹುದು. ಹತ್ತನೆಯ ವರ್ಷ ಅದರ ಬೇರು ಇಟ್ಟಿಗೆಯಿಂದ ಇಟ್ಟಿಗೆಯನ್ನು ಬೇರ್ಪಡಿಸಿರುತ್ತದೆ. ಇಷ್ಟರಲ್ಲಿ ಯಾರೋ ಬಿರುಕನ್ನು ನೋಡಿ ಸಿಮೆಂಟು ಬಳಿದು ಮುಚ್ಚುತ್ತಾರೆ. ನೋಟಕ್ಕೆ ಗೋಡೆ ಹೊಸದಾಯಿತು. ಆದರೆ ಸಿಮೆಂಟಿನ ಪದರ ಒಳಗಿನ ತೇವವನ್ನು ಹೊರಕ್ಕೆ ಬಿಡದು. ಹೊರಗೆ ಚೊಕ್ಕಟ, ಒಳಗೆ ಕೊಳೆತ. ಒಂದು ದಿನ ದೊಡ್ಡ ಮಳೆ ಬರುತ್ತದೆ.

ಮರುದಿನದ ಪತ್ರಿಕೆಯಲ್ಲಿ “ಮಳೆಯಿಂದ ಕಟ್ಟಡ ಕುಸಿತ” ಎಂದು ದಪ್ಪಕ್ಷರದಲ್ಲಿ ಬಂದಾಗ ಎಲ್ಲರೂ ಓದುತ್ತಾರೆ. ವಾಸ್ತವವಾಗಿ ಕಟ್ಟಿದ ಕೊಳವೆ, ನಿಂತ ನೀರು, ಅರಳಿಯ ಸಸಿ, ಬಿರುಕು, ತಪ್ಪು ಮದ್ದು, ಇವೊಂದೊಂದೂ ಒಂದೊಂದು ಸುದ್ದಿಯಾಗಿತ್ತು. ಯಾವುದಕ್ಕೂ ನಾಲ್ಕು ಸಾಲಿಗಿಂತ ಹೆಚ್ಚಿನ ಯೋಗ್ಯತೆ ಇರಲಿಲ್ಲ. ಆದರೆ ಪ್ರತಿಯೊಂದಕ್ಕೂ ಮದ್ದು ಇತ್ತು. ಕಟ್ಟಡವನ್ನು ಕೆಡವಬೇಕೋ ಬೇಡವೋ ಎಂದು ಊರು ಕಡೆಯಲ್ಲಿ ಕೂಗಿ ಕೇಳುವ ಪ್ರಶ್ನೆಗೆ, ಯಾರೂ ಬಾಯಿ ತೆರೆಯದೆಯೇ, ವರ್ಷಕ್ಕೆ ಇಷ್ಟಿಷ್ಟು ಉತ್ತರ ಸಿದ್ಧವಾಗುತ್ತಿರುತ್ತದೆ. ಅಲಕ್ಷ್ಯವೂ ಒಂದು ತೀರ್ಮಾನವೇ; ಯಾರೂ ರುಜು ಹಾಕದ ತೀರ್ಮಾನ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಮೈಸೂರಿನಲ್ಲಿಯೇ ಉಂಟು. ೨೦೨೨ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಅದಕ್ಕೆ ಮುನ್ನವೇ ಅಪಾಯದ ಸೂಚನೆಯನ್ನು ಕಂಡವರು ಆ ಭಾಗದಿಂದ ಜನರನ್ನು ದೂರವಿಟ್ಟಿದ್ದ ಕಾರಣ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಸಣ್ಣ ಸೂಚನೆಯನ್ನು ಒಬ್ಬರು ಕಂಡು, ಇನ್ನೊಬ್ಬರಿಗೆ ಹೇಳಿ, ಅಧಿಕಾರವಿದ್ದವರು ಅದನ್ನು ಆ ಕೂಡಲೇ ಮನ್ನಿಸುವುದು, ಇಷ್ಟೇ ಅಲ್ಲಿ ನಡೆದದ್ದು. ಕಟ್ಟಡಕ್ಕೆ ಬಂದ ಹಾನಿ ತಪ್ಪಲಿಲ್ಲ; ಮನೆಗಳಲ್ಲಿ ಅಳು ತಪ್ಪಿತು. ಸಣ್ಣ ಸುದ್ದಿಯ ಬೆಲೆ ಎಷ್ಟೆಂದು ತಿಳಿಯಬೇಕಾದರೆ ೨೦೧೨ನ್ನೂ ೨೦೨೨ನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಇನ್ನು, ಚರ್ಚೆಯ ಸ್ವರೂಪದ ವಿಷಯ. ಊರಿನ ವಾದಗಳು ಬಹುಕಾಲ ನಡೆದು ಎಲ್ಲಿಗೂ ಮುಟ್ಟದಿರುವುದಕ್ಕೆ ಒಂದು ಕಾರಣ, ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಬುಟ್ಟಿಗೆ ತುಂಬುವುದು. ಮೊದಲನೆಯದು ವಸ್ತುಸ್ಥಿತಿಯ ಪ್ರಶ್ನೆ: ಗೋಡೆ ಎಷ್ಟು ಭಾರ ತಾಳೀತು, ತೊಲೆಗಳಲ್ಲಿ ಎಷ್ಟು ಕೆಟ್ಟಿವೆ, ದುರಸ್ತಿಗೆ ಏನು ಖರ್ಚು? ಇದಕ್ಕೆ ಉತ್ತರ ಹೇಳಬೇಕಾದವರು ಪರೀಕ್ಷೆಮಾಡಿ ನೋಡಿದ ತಜ್ಞರು. ಇಲ್ಲಿ ಕೈಯೆತ್ತಿಸಿ ಬಹುಮತ ಎಣಿಸಿ ಪ್ರಯೋಜನವಿಲ್ಲ. ತಜ್ಞರಲ್ಲಿಯೇ ಎರಡು ಮತ ಬಂದರೆ, ಎರಡು ವರದಿಗಳನ್ನೂ ಜನರ ಮುಂದಿಟ್ಟು, ಭೇದ ಎಲ್ಲಿ ಹುಟ್ಟಿತೆಂದು ಅವರಿಂದಲೇ ಹೇಳಿಸಬೇಕು. ಎರಡನೆಯದು ಮೌಲ್ಯದ ಪ್ರಶ್ನೆ: ಆ ಕಟ್ಟಡ ಊರಿಗೆ ಎಷ್ಟು ಬೇಕಾದದ್ದು, ಅದಕ್ಕಾಗಿ ಎಷ್ಟು ಹಣ, ಎಷ್ಟು ಅನನುಕೂಲವನ್ನು ಸಹಿಸಬಹುದು? ಇದಕ್ಕೆ ತಜ್ಞರು ಉತ್ತರ ಹೇಳಲಾರರು, ಊರಿನವರು ಹೇಳಬೇಕು. ಮೂರನೆಯದು ಹೊಣೆಯ ಪ್ರಶ್ನೆ: ಯಾರು, ಯಾವ ಹಣದಿಂದ, ಯಾವ ದಿನದೊಳಗೆ ಕೆಲಸ ಮಾಡಬೇಕು? ಇದಕ್ಕೆ ಉತ್ತರ ಕೊಡಬೇಕಾದದ್ದು ನಗರಪಾಲಿಕೆ ಮತ್ತು ಸರ್ಕಾರ.

ಸಭೆಗಳಲ್ಲಿ ಏನಾಗುತ್ತದೆ? “ಗೋಡೆ ಗಟ್ಟಿಯಿದೆಯೆ?” ಎಂದರೆ “ಅದು ನಮ್ಮ ಪರಂಪರೆ” ಎಂಬ ಉತ್ತರ ಬರುತ್ತದೆ, “ಪರಂಪರೆಯನ್ನು ಉಳಿಸಬೇಡವೆ?” ಎಂದರೆ “ದುಡ್ಡೆಲ್ಲಿದೆ?” ಎಂಬ ಉತ್ತರ. ಪ್ರಶ್ನೆ ಒಂದು ದಾರಿಯಲ್ಲಿ, ಉತ್ತರ ಇನ್ನೊಂದು ದಾರಿಯಲ್ಲಿ. ಒಂದೊಂದು ಪ್ರಶ್ನೆಯನ್ನು ಅದರದರ ಸ್ಥಾನದಲ್ಲಿ ನಿಲ್ಲಿಸಿ ಕೇಳಿದರೆ ಅರ್ಧ ಜಗಳ ತಾನಾಗಿಯೇ ಶಮನವಾಗುತ್ತದೆ. ಉಳಿದ ಅರ್ಧ ನಿಜವಾದ ಭಿನ್ನಾಭಿಪ್ರಾಯ, ಅದು ಇರತಕ್ಕದ್ದೇ.

ಹೀಗೆ ಕೇಳುವುದಕ್ಕೆ ಕಾನೂನಿನ ಸಾಧನಗಳೂ ಇವೆ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯ ಪ್ರಕಾರ ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳು ಇರಬೇಕು. ಬಡಾವಣೆಯ ಕೊಳಾಯಿ, ಚರಂಡಿ, ಬೀದಿ ದೀಪ, ಸಾರ್ವಜನಿಕ ಕಟ್ಟಡ ಇವುಗಳ ವಿಚಾರ ಮೇಲಕ್ಕೆ ಹೋಗುವ ಮುಂಚೆ ಹತ್ತಿರದಲ್ಲಿಯೇ ಚರ್ಚೆಯಾಗಲಿ ಎಂಬುದು ಇದರ ಆಶಯ. ೨೦೦೫ರ ಮಾಹಿತಿ ಹಕ್ಕಿನ ಕಾನೂನಿನಂತೆ ಯಾವ ಪೌರನಾದರೂ ಒಂದು ಸಾರ್ವಜನಿಕ ಕಟ್ಟಡವನ್ನು ಕಡೆಯ ಸಾರಿ ಯಾವಾಗ ಪರೀಕ್ಷೆಮಾಡಿದರು, ವರದಿಯಲ್ಲಿ ಏನಿದೆ ಎಂದು ಕೇಳಿ ತಿಳಿಯಬಹುದು. ರಂಗಾಚಾರ್ಲು ಅವರ ಕಾಲದ ಪ್ರತಿನಿಧಿಗಳಿಗೆ ಇದ್ದದ್ದು ವಿಜ್ಞಾಪಿಸಿಕೊಳ್ಳುವ ಅವಕಾಶ. ನಮಗಿರುವುದು ಕೇಳಿ ಪಡೆಯುವ ಹಕ್ಕು. ಆದರೆ ಹಕ್ಕು ಕತ್ತಿಯಂತೆ. ಒರೆಯಲ್ಲಿಯೇ ಇಟ್ಟರೆ ತುಕ್ಕು ಹಿಡಿಯುತ್ತದೆ.

ಹಾಗಾದರೆ ಕಾರ್ಯತಃ ಏನು ಮಾಡಬಹುದು? ನಗರಪಾಲಿಕೆಯು ತನ್ನ ವಶದಲ್ಲಿರುವ ಹಳೆಯ ಕಟ್ಟಡಗಳನ್ನೆಲ್ಲ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ತಿಳಿದವರಿಂದ ಪರೀಕ್ಷೆಮಾಡಿಸಿ, ಆಯವ್ಯಯವನ್ನು ಓದುವಂತೆಯೇ ಆ ವರದಿಯನ್ನೂ ಬಹಿರಂಗವಾಗಿ ಓದಬಹುದು. ಯಾವ ಕೊಳವೆ ಕಟ್ಟಿದೆ, ಯಾವ ಗೋಡೆಯಲ್ಲಿ ಸಸಿ ಎದ್ದಿದೆ, ಹೋದ ವರ್ಷ ಹೇಳಿದ್ದರಲ್ಲಿ ಎಷ್ಟು ಆಯಿತು, ಇಷ್ಟಿದ್ದರೆ ಸಾಕು. ಪತ್ರಿಕೆಗಳು ಒಂದು ಸುದ್ದಿಯನ್ನು ಅಚ್ಚುಹಾಕಿ ಕೈತೊಳೆದುಕೊಳ್ಳದೆ, ಆರು ತಿಂಗಳ ಮೇಲೆ ಅದೇ ಸ್ಥಳಕ್ಕೆ ಮತ್ತೊಮ್ಮೆ ಹೋಗಿ ನೋಡಿ ಬರೆಯಬಹುದು. “ಅಂದು ಹೀಗಿತ್ತು, ಇಂದೂ ಹೀಗೆಯೇ ಇದೆ” ಎಂಬ ಒಂದು ವಾಕ್ಯಕ್ಕೆ ನೂರು ಸಂಪಾದಕೀಯಗಳ ಶಕ್ತಿಯುಂಟು. ನಮ್ಮ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ತಮ್ಮ ಊರಿನ ಒಂದೊಂದು ಕಟ್ಟಡವನ್ನು ಅಳೆದು, ನಕ್ಷೆ ಬರೆದು, ಬಿರುಕುಗಳನ್ನು ಗುರುತಿಟ್ಟುಕೊಂಡರೆ, ಪಾಠವೂ ಆದೀತು, ಊರಿಗೆ ದಾಖಲೆಯೂ ಆದೀತು. ಮಳಿಗೆಯವರು ತಮ್ಮ ತಲೆಯ ಮೇಲಿನ ತಾರಸಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಅವರ ಮಾತನ್ನು ಬರೆದುಕೊಳ್ಳುವ ಒಂದು ಪುಸ್ತಕ ಮಾರುಕಟ್ಟೆಯಲ್ಲಿಯೇ ಇದ್ದರೆ ಅದಕ್ಕೆ ತಗಲುವ ಖರ್ಚು ಎಷ್ಟು?

ಇವೆಲ್ಲ ಬಹಳ ಸಣ್ಣ ಉಪಾಯಗಳೆಂದು ಕೆಲವರಿಗೆ ತೋರಬಹುದು. ಸಣ್ಣವೇ ಸರಿ. ಊರೆಂಬುದು ಸಣ್ಣ ಕೆಲಸಗಳಿಂದ ಆದದ್ದು. ದಸರೆಯ ವೈಭವವನ್ನು ನೋಡಲು ಲಕ್ಷಾಂತರ ಜನ ಬರುತ್ತಾರೆ. ಆದರೆ ಆ ಜಂಬೂಸವಾರಿ ಸಾಗುವ ಬೀದಿಯ ಮಗ್ಗುಲಿನ ಗೋಡೆ ನೆಟ್ಟಗೆ ನಿಂತಿರುವುದು, ವರ್ಷದ ಉಳಿದ ದಿನಗಳಲ್ಲಿ ಯಾರೋ ಒಬ್ಬರು ಅದರ ಕೊಳವೆಯನ್ನು ಶುದ್ಧಿಮಾಡಿದ್ದರೆ. ಮೈಸೂರಿನ ಎರಡು ಕಟ್ಟಡಗಳ ವಿಷಯದಲ್ಲಿ ಯಾರ ವಾದ ಗೆದ್ದರೂ, ಮುಂದೆ ಅಲ್ಲಿ ನಿಲ್ಲುವ ಕಟ್ಟಡ, ಹಳೆಯದಾಗಲಿ ಹೊಸದಾಗಲಿ, ಇದೇ ಆರೈಕೆಯನ್ನು ಬೇಡುತ್ತದೆ. ಹೊಸ ಕಟ್ಟಡದ ತಾರಸಿಯ ಮೇಲೂ ಮಳೆ ಬೀಳುತ್ತದೆ. ಅದರ ಸಂದಿನಲ್ಲಿಯೂ ಹಕ್ಕಿ ಅರಳಿಯ ಬೀಜವನ್ನು ತಂದುಹಾಕುತ್ತದೆ. ಆ ಸಸಿ ಎರಡು ಎಲೆ ಬಿಟ್ಟಾಗ ಅದು ಸುದ್ದಿಯಾಗಿ, ಆ ಸುದ್ದಿಯನ್ನು ಓದುವವರು ಊರಿನಲ್ಲಿ ಇದ್ದರೆ, ನ್ಯಾಯಾಲಯದ ಮೆಟ್ಟಿಲೇರಬೇಕಾದ ಸಂದರ್ಭಗಳು ಬಹುಮಟ್ಟಿಗೆ ಕಡಮೆಯಾಗುತ್ತವೆ.